ಅಂಚಿನಿಂದ ಬಂದ ಏಟು

ಕಂಪ್ಯೂಟರಿನ ಡಬ್ಬಿಯೊಳಗೆ ಕೈ ಹಾಕುವ ಮೊದಲು ಅಕ್ಕಾರು ಹಸಿರು ಬಳೆಗಳನ್ನು ಮೊಣಕೈತನಕ ಸರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಅಣ್ಣಿಗೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ನನ್ನದು ಅದೇ ಊರಲ್ಲಿ ಹಳೆಯ ಕಂಪ್ಯೂಟರ್ ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಗಿರಾಕಿ ಅವರೊಬ್ಬರೇ. ಕೊಂಡ ಮಷಿನ್‌ಗಳನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಸಾಲಾಗಿ ಜೋಡಿಸಿದ್ದರು.

“ಇಷ್ಟೆಲ್ಲಾ ಮಷಿನ್ ಜೋಡಿಸಿ ಏನ್ ಮಾಡ್ತೀರಿ ಅಕ್ಕಾರ?” ಎಂದು ಕೇಳಿದ್ದೆ.

“ಸೂರ್ಯನ ಕಡಿಂದ ಗಾಳಿ ಬೀಸ್ತೈತ್ರಿ. ಒಮ್ಮೊಮ್ಮೆ ಅದರಾಗ ಆಘಾತದ ಅಲೆ ಬರ್ತೈತಿ. ಭೂಮಿ ಸುತ್ತ ಕಾಂತದ ಬೇಲಿ ಐತಿ. ಆ ಏಟಿಗೆ ಬೇಲಿ ಎಷ್ಟು ಒಳಗ ಬಾಗ್ತೈತಿ, ಲೆಕ್ಕದಾಗ ಆಡಿಸಿ ನೋಡ್ತೀನಿ.”

“ಅದರಾಗ ಲಾಭ ಏನ್ರಿ?”

“ಆ ಏಟಿಗೆ ಮ್ಯಾಲ ತಿರುಗೂ ಉಪಗ್ರಹ ಕೆಟ್ರ ನಿಮ್ಮ ಮೊಬೈಲಿಗೆ ದಾರಿ ಯಾರ್ ತೋರಸ್ತಾರ, ಸಾವಕಾರ್ರ?”

ನಿವೃತ್ತಿಗೆ ಮೊದಲು ಧಾರವಾಡದ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ತೋರಿಸಬೇಕೆಂಬುದು ಅವರ ಹಟ. ಮತ್ತೊಂದು ಅವಕಾಶ ಸಿಗುವಂತಿರಲಿಲ್ಲ. ಸಭೆ ಹತ್ತಿರ ಬಂದಾಗ ಪರದೆಯ ಮೇಲೆ ಹೊಸದೊಂದು ಕಂಡಿತು: ಅಲೆ ಬೇಲಿಯನ್ನು ಒತ್ತಿ ದಾಟಿಹೋದ ಮೇಲೆ, ಹಿಂದಿನಿಂದ ಎರಡನೆಯ ಏಟು.

“ಯಾರೂ ನೋಡಿಲ್ಲದ ಮಾಲು. ಹಂಗ ಒಯ್ದು ತೋರಸ್ರಿ” ಎಂದೆ.

ಅಕ್ಕಾರು ಬಾಜೂ ಖಾನಾವಳಿಯಿಂದ ಹಿಟ್ಟು ನಾದುವ ಪರಾತ ತರಿಸಿ, ನೀರು ಹಾಕಿ, ನಡುವೆ ಬೆರಳು ತಟ್ಟಿದರು. ಅಲೆ ಅಂಚಿಗೆ ಬಡಿದು ತಿರುಗಿ ಬಂತು.

“ನೋಡ್ರಿ. ಎರಡನೇ ಏಟು ಸೂರ್ಯಂದಲ್ಲ, ನಮ್ಮ ಪರಾತದ್ದು.”

ಹಳೆಯ ಮಷಿನ್‌ಗಳಿಗೆ ಭಾರವಾಗದಿರಲೆಂದು ಅವರೇ ಲೆಕ್ಕದ ಅಂಗಳವನ್ನು, ಅಂದರೆ ಪರದೆಯಲ್ಲಿ ಅಲೆ ಓಡಾಡುವ ಜಾಗವನ್ನು, ಕಿರಿದು ಮಾಡಿದ್ದರು. ಅದರ ಗೋಡೆಗೆ ತಾಗಿ ಅಲೆ ವಾಪಸಾಗಿತ್ತು.

“ಸಭಾದವ್ರಿಗೆ ಗೊತ್ತಾಗೂದಿಲ್ರಿ.”

“ಗಿರಾಕಿಗೆ ಗೊತ್ತಾಗೂದಿಲ್ಲಂತ ನೀವು ಕೆಟ್ಟ ಬ್ಯಾಟರಿ ಮಾರ್ತೀರೇನು?”

ನಾನು ಮಾರಾಟಕ್ಕಿಟ್ಟ ಮಷಿನ್‌ಗಳನ್ನೆಲ್ಲ ಇಳಿಸಿ ಅವರ ಸಾಲಿಗೆ ಜೋಡಿಸಿದೆ. ಬಂದ ಗಿರಾಕಿಗಳಿಗೆ ಮುಂದಿನ ವಾರ ಬರಲು ಹೇಳಿದೆ. ಅಂಗಳ ದೊಡ್ಡದಾಯಿತು, ಲೆಕ್ಕ ಮೊದಲಿನಿಂದ ಓಡಿತು. ಈ ಸಲ ಅಲೆ ಬಂತು, ಬೇಲಿ ಬಾಗಿತು, ಅಲೆ ಹೋಯಿತು. ಹಿಂದಿನಿಂದ ಏನೂ ಬರಲಿಲ್ಲ.

ಅಕ್ಕಾರು ಬಳೆ ಕೆಳಗಿಳಿಸಿದರು. “ಒಂದ ಏಟು. ಇದನ್ನ ಒಯ್ತೀನಿ.”

ಸಭೆಯಲ್ಲಿ ಚಪ್ಪಾಳೆ ದೊಡ್ಡದಾಗಿರಲಿಲ್ಲವಂತೆ. ಆದರೆ ಕೇಳಿದ ಪ್ರಶ್ನೆಗೆಲ್ಲ ಅವರ ಹತ್ತಿರ ಉತ್ತರವಿತ್ತಂತೆ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ವ್ಯಾಪಾರಕ್ಕಿಳಿಯುವವರಿಗೆ ನಾನು ಹೇಳುವುದು ಇಷ್ಟೇ: ಮಾಲು ತೀರಾ ಚೆನ್ನಾಗಿ ಕಂಡರೆ ಮೊದಲು ಅಂಚು ನೋಡಿರಿ. ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆಂದು ಈಗ ಗಿರಾಕಿ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಚೌಕಾಸಿ ಆಮೇಲೆ.