ಎಂಬತ್ತು ಖಾಲಿ ಕಾರ್ಡುಗಳು

ಬೆಳಗಿನ ಐದೂವರೆ. ತಿರುವನಂತಪುರದ ಕಂಪ್ಯೂಟರ್ ಕೋಣೆಯ ಉದ್ದ ಮೇಜಿನ ಮೇಲೆ ರಾಜೀವಿ ತಾವೇ ತೂತು ಕುಟ್ಟಿ ಅಂಕಿ ಮೂಡಿಸಿದ ನಾನೂರು ಪಂಚ್ ಕಾರ್ಡುಗಳನ್ನು ಹರಡುತ್ತಿದ್ದಾರೆ. ಒಂದು ಕಾರ್ಡಿಗೆ ಒಂದು ಬೂತಾಯಿ ಮೀನು. ಇಲ್ಲಿಯವರ ಬಾಯಲ್ಲಿ ಅದು ಮತ್ತಿ. ದೋಣಿಗಳು ಮೀನಿಳಿಸುವ ಕೊಚ್ಚಿಯ ದಕ್ಕೆಯಲ್ಲಿ ಕಮಲಾಕ್ಷ ಎಂಬ ದಿನಗೂಲಿ ನೌಕರ ಅವುಗಳ ಉದ್ದ ಅಳೆದು ಬರೆದು ಕಳಿಸಿದ್ದಾನೆ. ಏಳಕ್ಕೆ ಯಂತ್ರ ಬೇರೆ ಇಲಾಖೆಯ ಪಾಲು. ಹತ್ತಕ್ಕೆ ಕಮಲಾಕ್ಷನನ್ನು ಕೆಲಸದಿಂದ ತೆಗೆದುಹಾಕುವ ಪತ್ರಕ್ಕೆ ಮೀನುಗಾರಿಕೆ ಇಲಾಖೆಯ ಸಾಹೇಬರ ಸಹಿ.

ಕಾರಣ ಒಂದೇ ಅಂಕಿ. ಮೀನುಗಳನ್ನು ಉದ್ದದ ಪ್ರಕಾರ ಸಾಲಾಗಿಟ್ಟು, ಗಿಡ್ಡ ಕಾಲುಭಾಗವನ್ನೂ ಉದ್ದ ಕಾಲುಭಾಗವನ್ನೂ ಬಿಟ್ಟರೆ ನಡುವಿನ ಅರ್ಧ ಉಳಿಯುತ್ತದೆ. ಅದರ ಹರವನ್ನು, ಅಂದರೆ ಆ ಅರ್ಧದ ಅತಿ ಗಿಡ್ಡ ಮೀನಿಗೂ ಅತಿ ಉದ್ದದ ಮೀನಿಗೂ ಇರುವ ಅಂತರವನ್ನು, ಯಂತ್ರ ಹೇಳುತ್ತದೆ. ಉಳಿದ ದಕ್ಕೆಗಳದ್ದು ಮೂರು ಸೆಂಟಿಮೀಟರು. ಕಮಲಾಕ್ಷನದ್ದು ಆರು.

"ಅಳೀದೆ ಕೂತಲ್ಲೇ ಬರೆದಿದಾನೆ ಕಣಮ್ಮ. ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ," ಎನ್ನುತ್ತಾರೆ ಪ್ರೋಗ್ರಾಂ ಬರೆದ ಮೈಸೂರಿನ ಶ್ರೀಪತಿ.

"ಇರ್ಲಿ ಸಾರ್. ಒಮ್ಮೆ ಕೈಯಲ್ಲಿ ಮಾಡಿ ನೋಡ್ತೇನೆ."

ಕುಂಬಳೆಯ ರಾಜೀವಿ ಇಲ್ಲಿಗೆ ಬಂದು ಒಂಬತ್ತು ವರ್ಷ. ದಿನಕ್ಕೆ ಎಂಟುನೂರು ಕಾರ್ಡು ಕುಟ್ಟಬೇಕು. ತಪ್ಪು ಹೆಚ್ಚಾದರೆ ಮೆಮೊ. ಬಲಗೈಯ ಕಿರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಮಗಳು ಏಳುವ ಮೊದಲೇ ಮನೆ ಬಿಡುತ್ತಾರೆ. "ಸಂಜೆ ಅವಳು ಮಲಯಾಳದಲ್ಲಿ ಜಗಳ ಮಾಡ್ತಾಳೆ, ನಾನು ಕನ್ನಡದಲ್ಲಿ ಬೈತೇನೆ. ಇಬ್ಬರಿಗೂ ಸರೀ ಅರ್ಥ ಆಗ್ತದೆ."

ಸೆಂಟಿಮೀಟರಿಗೊಂದು ಗುಡ್ಡೆ. ಯಾವ ಗುಡ್ಡೆಗೂ ಸೇರದ ಕಾರ್ಡುಗಳು ಪಕ್ಕದಲ್ಲಿ ಬೆಳೆಯುತ್ತಿವೆ. ಎಣಿಸಿದರೆ ಎಂಬತ್ತು. ಉದ್ದದ ಜಾಗ ಖಾಲಿ. ಕುಟ್ಟುವಾಗ ಬೆರಳು ತಾನಾಗಿ ದಾಟಿಹೋದದ್ದು ಈಗ ಕಣ್ಣಿಗೆ ಬೀಳುತ್ತಿದೆ. ಕೊಚ್ಚಿಯ ಹಾಳೆ ತೆಗೆದರೆ, ಅಂಥ ಪ್ರತಿ ಮೀನಿನ ಎದುರೂ ಕಮಲಾಕ್ಷನ ಕೈಬರಹ: ಬಾಲ ತುಂಡು. ಬೇರೆ ದಕ್ಕೆಯವರು ಇಂಥ ಮೀನನ್ನು ಬರೆಯುವುದೇ ಇಲ್ಲ.

"ಸಾರ್, ಖಾಲಿ ಬಿಟ್ಟರೆ ಯಂತ್ರ ಎಂತ ಓದ್ತದೆ?"

"ಸೊನ್ನೆ." ಹೇಳಿದವರೇ ಶ್ರೀಪತಿ ಖಾಲಿ ಕಾರ್ಡೊಂದನ್ನು ಎತ್ತಿ ನೋಡುತ್ತಾರೆ.

"ಸೊನ್ನೆ ಉದ್ದದ ಬೂತಾಯಿ ಎಲ್ಲಿಯಾದ್ರೂ ಉಂಟಾ ಮಾರಾಯ್ರೆ?" ಬಿಡಬೇಕಾದ ಗಿಡ್ಡ ನೂರರಲ್ಲಿ ಎಂಬತ್ತು ಜಾಗವನ್ನು ಈ ಸೊನ್ನೆಗಳೇ ತಿಂದು, ನಿಜವಾದ ಗಿಡ್ಡ ಮೀನುಗಳು ನಡುವಿನ ಅರ್ಧಕ್ಕೆ ನುಗ್ಗಿವೆ.

ಆರೂ ಐವತ್ತು. ಉಳಿದ ಮುನ್ನೂರಿಪ್ಪತ್ತು ಕಾರ್ಡುಗಳನ್ನು ಯಂತ್ರ ನುಂಗುತ್ತದೆ. ಇಬ್ಬರೂ ಪ್ರಿಂಟರಿನ ಮುಂದೆ ನಿಲ್ಲುತ್ತಾರೆ. ಕಾಗದದಲ್ಲಿ ಮೂಡುವುದು ಮೂರು.

ಹತ್ತಕ್ಕೆ ಸಾಹೇಬರು ಪತ್ರವನ್ನು ಹರಿದುಹಾಕುತ್ತಾರೆ. ಲೆಕ್ಕ ತಿದ್ದಲಾಗಿದೆ ಎಂದಷ್ಟೇ ಕೊಚ್ಚಿಗೆ ಬರೆಯಲು ಶ್ರೀಪತಿ ಪೆನ್ನು ತೆಗೆದರೆ ರಾಜೀವಿ ಹಾಳೆಯ ಮೇಲೆ ಕೈಯಿಡುತ್ತಾರೆ.

"ತಪ್ಪು ನಮ್ಮದು ಅಂತ ಬರೀರಿ ಸಾರ್. ಇಲ್ಲದಿದ್ರೆ ನಾಳೆಯಿಂದ ಕಮಲಾಕ್ಷರೂ ಬೇರೆ ದಕ್ಕೆಯವರ ಹಾಗೆ ಬಾಲ ತುಂಡಾದದ್ದನ್ನು ಬರೆಯುದು ಬಿಡ್ತಾರೆ."