ತೊಳೆಯದೆ ಬನ್ನಿ ಎನ್ನುವ ಬಾಗಿಲಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಹಿಳಾ ಚಿಕಿತ್ಸಾಲಯದ ಕಾರಿಡಾರಿನಲ್ಲಿ ಒರೆಸಿದ ನೆಲದ ಪಸೆ ಆರಿಲ್ಲ. ಲ್ಯಾಬ್ ಟೆಕ್ನಿಷಿಯನ್ ಮಾತ್ರ ಮೈಕ್ರೋಸ್ಕೋಪಿನ ಮುಂದೆ ಕೂರುವುದು, ಏಳುವುದು, ಬಾಗಿಲಿಗೆ ಬಂದು ಇಣುಕುವುದು, ಮತ್ತೆ ಕೂರುವುದು. ಇವರ ಬಗ್ಗೆ ಬರೆಯಲೆಂದು ಬಂದು ನೋಡುತ್ತಿರುವ ನನಗೇ ಸುಸ್ತು! ಇಲ್ಲಿಗೆ ಬರುವ ಹೆಂಗಸರು ಇವರಿಗಿಟ್ಟ ಹೆಸರು ಬಾಗಿಲಕ್ಕ.

ಇವತ್ತು ಅವರು ಕಾಯುತ್ತಿರುವುದು ಹೊಲಿಗೆ ಅಂಗಡಿಯಲ್ಲಿ ದುಡಿಯುವ ಹೆಂಗಸಿಗಾಗಿ. ತಿಂಗಳಿಂದ ಆಕೆಗೆ ಗುಪ್ತಾಂಗದಲ್ಲಿ ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿಸ್ರಾವ. ಲಕ್ಷಣವೆಲ್ಲ ಶಿಲೀಂಧ್ರ ಸೋಂಕಿನದೇ. ಆದರೆ ಕಳೆದ ವಾರದ ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. ಅಷ್ಟರಲ್ಲಿ ಓರಗಿತ್ತಿ, "ಎಲ್ಲಾ ಆ ಗರ್ಭನಿರೋಧಕ ಗುಳಿಗೆ ಕಾಟ, ಬಿಸಾಕು" ಎಂದು ಕಿವಿಯೂದಿದ್ದಾಳೆ. ಹೊಲಿಗೆಯಾಕೆಯೋ ಎರಡನೇ ಹೆರಿಗೆಯಲ್ಲಿ ಸತ್ತು ಬದುಕಿದ ಜೀವ. ಗುಳಿಗೆ ಬಿಟ್ಟು ಬಸಿರಾದರೆ ಗತಿಯೇನು?

"ಖಾಲಿ ಸ್ಲೈಡ್ ನೋಡಿ ತಲೆ ಕೆಟ್ಹೋಯ್ತು," ಎನ್ನುತ್ತಾರೆ ಬಾಗಿಲಕ್ಕ. "ಏನ್ ಮಾಡ್ಕೊಂಡು ಬಂದ್ಯಮ್ಮಾ ಅಂತ ಕೇಳ್ದೆ. ಸೋಪ್ ಹಾಕಿ ಒಳಗೆಲ್ಲಾ ಉಜ್ಜಿ ತೊಳ್ದು, ಅಂಗಡೀಲಿ ಕೊಟ್ಟ ಮುಲಾಮು ಹಚ್ಕೊಂಡು ಬಂದಿದ್ಲು! ಡಾಕ್ಟ್ರ ಮುಂದೆ ಗಲೀಜಾಗಿ ಬರೋಕಾಗುತ್ತಾ ಅಕ್ಕಾ ಅಂದ್ಲು. ಕಳ್ಳನ್ನ ಓಡಿಸ್ಬಿಟ್ಟು ಪೊಲೀಸ್ನ ಕರೆದಂಗಾಯ್ತು. ಒಂದು ವಾರ ಮುಲಾಮು ಮುಟ್ಬೇಡ, ತೊಳೀದೇ ಬಾ, ಅಲ್ಲೀತನಕ ಗುಳಿಗೆ ಬಿಡ್ಬೇಡ ಅಂತ ಕೈ ಮುಗಿದು ಕಳಿಸ್ದೆ."

ಹೀಗೆ ತೊಳೆದುಕೊಂಡು ಬರುವವರೇ ಹೆಚ್ಚು. ಬಂದವರನ್ನು ಮೊದಲೇ ಕೇಳಿಬಿಡೋಣವೆಂದೇ ಈ ಬಾಗಿಲ ಕಾವಲು. ದಿನಕ್ಕೆ ನಲವತ್ತರಷ್ಟು ಸ್ಲೈಡು ನೋಡಿ ಕತ್ತು ಹಿಡಿದುಕೊಳ್ಳುತ್ತದೆ. ಸೀಟಲ್ಲಿ ಕೂರುವುದಿಲ್ಲವೆಂದು ಮೇಲಿನವರ ಗೊಣಗಾಟ ಬೇರೆ. ಮನೆಯಲ್ಲಿ ಅತ್ತೆ, ಸೊಸೆಯ ಕೆಲಸ ಹೇಳಲು ನಾಚಿ, ನೆಂಟರಿಗೆ "ರಕ್ತ ಟೆಸ್ಟ್ ಮಾಡ್ತಾಳೆ" ಎಂದು ತೇಲಿಸಿಬಿಡುತ್ತಾರಂತೆ.

ಕೊನೆಗೂ ಹೊಲಿಗೆಯಾಕೆ ಬರುತ್ತಾಳೆ. ನರ್ಸ್ ಸ್ರಾವದ ಮಾದರಿ ತೆಗೆದುಕೊಡುತ್ತಾರೆ. ಬಾಗಿಲಕ್ಕ ಸ್ಲೈಡಿಗೆ ದ್ರಾವಣದ ಹನಿ ಬಿಟ್ಟು ಕಣ್ಣಿಡುತ್ತಾರೆ. ಸ್ಲೈಡನ್ನು ಅತ್ತಿತ್ತ ಸರಿಸುತ್ತಾರೆ. ಆಮೇಲೆ, "ಸಿಕ್ತು!" ನಾನೂ ಇಣುಕುತ್ತೇನೆ. ಮೊಳಕೆಯೊಡೆದ ಕಾಳಿನಂಥ ಕಣಗಳು, ನಡುವೆ ಎಳೆ ಎಳೆ ನೂಲು.

ಡಾಕ್ಟರಮ್ಮ ಹೊಲಿಗೆಯಾಕೆಗೆ ಬಿಡಿಸಿ ಹೇಳುತ್ತಾರೆ: "ಗುಳಿಗೆಯಿಂದ ಕೆಲವರಿಗೆ ಇದು ಬರೋದು ಹೆಚ್ಚಾಗ್ಬಹುದು, ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆ ಇದ್ಯಾ ಅಂತಾನೂ ನೋಡೋಣ. ಮೊದ್ಲು ಈ ಔಷಧಿ ಮುಗ್ಸಿ. ಪದೇ ಪದೇ ಬಂದ್ರೆ ಬೇರೆ ಉಪಾಯ ಯೋಚಿಸೋಣ. ನೀವಾಗೇ ನಿಲ್ಲಿಸ್ಬೇಡಿ."

ಹೊರಬಂದವಳು ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸುತ್ತಾಳೆ. "ಇವತ್ತೂ ಖಾಲಿ ಬಂದಿದ್ರೆ ನಿಮ್ಮ ಕಸದ ಬುಟ್ಟಿಗೇ ಹಾಕ್ತಿದ್ದೆ ಅಕ್ಕಾ." ಮತ್ತೆ ಚೀಲದೊಳಗೆ ಜೋಪಾನ ಮಾಡುತ್ತಾಳೆ. ಬಾಗಿಲಕ್ಕನ ಕಣ್ಣು ಒದ್ದೆಯಾಗುತ್ತದೆ.

ನಿಮ್ಮ ಆಸೆಯೇನು ಎಂದು ಕೇಳಿದೆ. "ಕೂತಲ್ಲೇ ಕೂತು ಕೆಲಸ ಮಾಡ್ಬೇಕು, ಅಷ್ಟೇ" ಎಂದವರು ಆಗಲೇ ಬಾಗಿಲಲ್ಲಿದ್ದಾರೆ! ಬೆಂಚಿನಲ್ಲಿ ಹೊಸಬಳೊಬ್ಬಳು, ಘಮ್ಮೆನ್ನುವ ಸೋಪಿನ ವಾಸನೆ. ಬಾಗಿಲಕ್ಕ ಬಾಯಿ ತೆರೆಯುವ ಮೊದಲೇ ಹೊಲಿಗೆಯಾಕೆ ಅವಳ ಪಕ್ಕ ಕೂತು ಮೆಲ್ಲಗೆ ಕೇಳುತ್ತಾಳೆ, "ತೊಳ್ಕೊಂಡು ಬಂದ್ರಾ?"

ಬಾಗಿಲಕ್ಕ ಒಳಗೆ ಹೋಗಿ ಕೂತರು. ನಾನಿದ್ದಷ್ಟು ಹೊತ್ತು ಮತ್ತೆ ಏಳಲಿಲ್ಲ.