ಇಪ್ಪತ್ತೆರಡು ಬೈ ಏಳಕ್ಕೆ ಬಗ್ಗದ ಅಂಜಿನಮ್ಮ

ಪೀಣ್ಯದ ನಮ್ಮ ಟ್ಯಾಂಕ್ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ತಗಡಿನ ಮೇಲೆ ಅಳತೆಯ ಗೆರೆ ಎಳೆದವರು ಮೂಲೆಯಲ್ಲಿ ಸೀಮೆಸುಣ್ಣದಿಂದ ತಮ್ಮ ಹೆಸರು ಬರೆಯಬೇಕು. ತಪ್ಪಾದರೆ ಬೈಗುಳವೂ ಅವರಿಗೇ. ಹನ್ನೊಂದು ವರ್ಷ ಕಸ ಗುಡಿಸುತ್ತಲೇ, ನೋಡಿ ನೋಡಿ ಕೆಲಸ ಕಲಿತ ಅಂಜಿನಮ್ಮನ ಕೈಗೆ ಆ ಸೀಮೆಸುಣ್ಣ ಬಂದು ಎರಡು ವರ್ಷವಾಗಿತ್ತು. ವೆಲ್ಡಿಂಗ್ ಮಾಡುವ ನಾನು ಅವಳ ಗೆರೆಯನ್ನು ಕಣ್ಣು ಮುಚ್ಚಿ ನಂಬುತ್ತಿದ್ದೆ.

ಮೇಸ್ತ್ರಿ ನಲ್ಲಪ್ಪನಿಗೆ ಅದೇ ಹೊಟ್ಟೆಯುರಿ. ಮೂರು ಮೀಟರ್ ವ್ಯಾಸದ ಟ್ಯಾಂಕಿನ ಬಾಯಿಗೆ ಒಳಪಟ್ಟಿ, ಅಂದರೆ ಒಳಗಡೆ ಬಿಗಿಯಾಗಿ ಕೂರುವ ತಗಡಿನ ಬಳೆ, ಮಾಡಬೇಕಿತ್ತು. ಪಟ್ಟಿಯ ಉದ್ದಕ್ಕೆ ವ್ಯಾಸವನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸು ಎಂದು ಅಂಜಿನಮ್ಮನಿಗೆ ಹೇಳಿದ.

“ಸಣ್ಣ ಡ್ರಮ್ಮಿಗೆ ನಡೀತದೆ ಅಣ್ಣ. ಇದಕ್ಕೆ ನಾಕು ಮಿಲಿಮೀಟರ್ ಜಾಸ್ತಿ ಆಯ್ತದೆ. ಪೈ ಅಂದ್ರೆ ಇಪ್ಪತ್ತೆರಡು ಬೈ ಏಳಲ್ಲ, ಯಾವ ಭಿನ್ನರಾಶಿಗೂ ಅದು ಸಿಕ್ಕಲ್ಲ. ನನ್ ಮಗಳು ಒಂಬತ್ತನೇ ಕ್ಲಾಸಿನ ಪುಸ್ತಕದಾಗೆ ತೋರಿಸವ್ಳೆ.”

“ಅಂಗಾದ್ರೆ ಅಸಲಿ ಅಂಕಿ ನೀನೇ ಯೋಳು!”

“ಮೂರು ಪಾಯಿಂಟ್ ಒಂದು, ನಾಕು, ಒಂದು, ಐದು, ಒಂಬತ್ತು, ಎರಡು, ಆರು...”

“ಮುಗ್ಸು. ಮುಗಿಸಿದ್ರೆ ನಿನ್ ಲೆಕ್ಕಾನೇ ಸರಿ. ಇಲ್ಲಾಂದ್ರೆ ಪೊರಕೆ ಹಿಡಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಾಚಿಕೆ ಇನ್ನೂ ಹೋಗಿಲ್ಲ.

“ಅದು ಮುಗಿಯಲ್ಲ ಅಣ್ಣ. ಮುಗೀತದೆ ಅಂತೀರಲ್ಲ, ಅದೇ ತಪ್ಪು. ನಿಮ್ ಅಳತೆಗೆ ನನ್ ಹೆಸರು ಬರಿಯಕಿಲ್ಲ.”

ನಲ್ಲಪ್ಪ ತಾನೇ ಗೆರೆ ಎಳೆದು ಅವಳ ಹೆಸರು ಬರೆದ. ಅವಳು ಸೆರಗಿನಿಂದ ಒರೆಸಿದಳು. ಮತ್ತೆ ಬರೆದ, ಮತ್ತೆ ಒರೆಸಿದಳು. ಕೊನೆಗೆ ಹೆಸರಿಲ್ಲದೆಯೇ ತಗಡು ಕತ್ತರಿಸಿದರು. ಅಂಜಿನಮ್ಮ ಪೊರಕೆ ಹಿಡಿದಳು, ತಲೆ ಮಾತ್ರ ತಗ್ಗಿಸಲಿಲ್ಲ.

ಮೂರನೆಯ ದಿನ ಪಟ್ಟಿಯನ್ನು ಬಗ್ಗಿಸಿ, ಬೆಸೆದು ತಂದೆವು. ಒಳಗೆ ಹೋಗಲಿಲ್ಲ. ನಲ್ಲಪ್ಪ ಸುತ್ತಿಗೆಯಿಂದ ಬಡಿದು ಬಡಿದು, ತಗಡೇ ಸರಿಯಿಲ್ಲ ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಮಾಲೀಕ ಇರಣ್ಣ ಬಂದು ಅಂಜಿನಮ್ಮನನ್ನು ಕರೆದರು. ಅವಳು ಬೆಸುಗೆಯ ಪಕ್ಕ, ನಾಲ್ಕು ಮಿಲಿಮೀಟರಿಗೆ ಕೂದಲೆಳೆ ಕಡಿಮೆಯಾಗಿ ಗೆರೆ ಎಳೆದಳು. ಅಷ್ಟನ್ನು ಕತ್ತರಿಸಿ ತೆಗೆದು ನಾನೇ ಮತ್ತೆ ಬೆಸೆದೆ. ಪಟ್ಟಿ ಒಳಗೆ ಕೂತಿತು.

“ಹಂಗಾದ್ರೆ ನಿನ್ನ ಲೆಕ್ಕ ಪೂರ್ತಿ ಸರಿ ಅನ್ನು” ಎಂದರು ಇರಣ್ಣ.

“ಇಲ್ಲ ಸಾರ್. ಪೂರ್ತಿ ಸರಿ ಯಾರಿಗೂ ಸಿಗಲ್ಲ, ನಂಗೂ ಸಿಗಲ್ಲ. ಸಿಕ್ತು ಅಂದವರ ಪಟ್ಟಿ ಹೊರಗೇ ನಿಂತಿತ್ತು, ನೋಡಿದ್ರಲ್ಲ.”

ನಾಳೆಯಿಂದ ಗೆರೆ ಯಾರು ಎಳೆಯಬೇಕೆಂದು ಹೇಳಲು ಇರಣ್ಣ ಬಾಯಿ ತೆರೆಯುವಷ್ಟರಲ್ಲೇ, ಅಂಜಿನಮ್ಮ ಮುಂದಿನ ತಗಡಿನ ಮೇಲೆ ಟೇಪು ಹಾಸಿದ್ದಳು.